ವಯಸ್ಸಾದ ಮೇಲೆ ಮೈಕೈ ಗಟ್ಟಿ ಇಟ್ಟುಕೊಳ್ಳುವುದು: ಹಿರಿಯರೂ ಮನೆಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಅರವತ್ತು ದಾಟಿದವರಿಗಾಗಿ, ಅವರ ಜೊತೆ ಇರುವ ಮಕ್ಕಳು, ಸೊಸೆಯಂದಿರಿಗಾಗಿ ಇದನ್ನು ಬರೆದಿದ್ದೇನೆ. ಮೈಸೂರಿನಲ್ಲಿ ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗಿನ ಹೊತ್ತು ಹಿರಿಯರಿಗೆ ವ್ಯಾಯಾಮ ಹೇಳಿಕೊಡುತ್ತೇನೆ. ಅಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಗಳೇ ಇವು. ನನ್ನ ಆಸೆ ಒಂದೇ. ಎಂಬತ್ತಾದರೂ ಮಂಚದಿಂದ ನೀವೇ ಏಳಬೇಕು, ಬಚ್ಚಲಿಗೆ ನೀವೇ ಹೋಗಿ ಬರಬೇಕು, ಮೊಮ್ಮಗಳ ಮದುವೆಯಲ್ಲಿ ಯಾರ ಕೈಯನ್ನೂ ಕಾಯದೆ ಓಡಾಡಬೇಕು. ಅದಕ್ಕೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಕಾಲಿನ ಬಲ, ಮತ್ತೆ ಆಯ ತಪ್ಪದೆ ನಿಲ್ಲುವ ಶಕ್ತಿ.

ದಿನಾ ಒಂದು ಗಂಟೆ ವಾಕಿಂಗ್ ಹೋಗ್ತೀನಿ. ಅಷ್ಟು ಸಾಲದಾ?

ವಾಕಿಂಗ್ ಬಹಳ ಒಳ್ಳೆಯದು, ಖಂಡಿತ ಬಿಡಬೇಡಿ. ಹೃದಯಕ್ಕೆ, ಶುಗರ್‌ಗೆ, ನಿದ್ದೆಗೆ, ಮನಸ್ಸಿಗೆ, ಎಲ್ಲಕ್ಕೂ ಹಿತ. ಆದರೆ ಅದೊಂದೇ ಸಾಲದು.

ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಯ ಮೇಲೆ ಅಷ್ಟೇನೂ ಭಾರ ಬೀಳುವುದಿಲ್ಲ. ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಸಲೀಸಾಗಿ ನಡೆದು ಬರುವವರೇ ಮನೆಯ ತಗ್ಗಿನ ಸೋಫಾದಿಂದ ಏಳುವಾಗ ಎರಡೂ ಕೈ ಊರಿ "ಅಯ್ಯಪ್ಪಾ" ಅನ್ನುವುದನ್ನು ನೋಡಿದ್ದೇನೆ. ಮೂವತ್ತು ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಸುಮಾರು ಶೇ. 3ರಿಂದ 8ರಷ್ಟು ಮಾಂಸಖಂಡ ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಬಲವಂತೂ ಮಾಂಸಖಂಡಕ್ಕಿಂತಲೂ ವೇಗವಾಗಿ ಇಳಿಯುತ್ತದೆ. ಇದನ್ನು ತಡೆಯಬೇಕಾದರೆ ಮಾಂಸಖಂಡಕ್ಕೆ ಸ್ವಲ್ಪ ಕಷ್ಟ ಕೊಡಲೇಬೇಕು: ಕೂತು ಏಳುವುದು, ಮೆಟ್ಟಿಲು ಹತ್ತುವುದು, ಭಾರ ಎತ್ತುವುದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ. 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವೇಗದ ಚಟುವಟಿಕೆ ಬೇಕು. ವಾರಕ್ಕೆ ಕನಿಷ್ಠ ಎರಡು ದಿನ ಬಲ ಕೂಡಿಸುವ ವ್ಯಾಯಾಮ ಬೇಕು. ಇದರಲ್ಲೇ ಮೂರು ದಿನವಾದರೂ ಬಲ ಮತ್ತು ಬ್ಯಾಲೆನ್ಸ್ ಎರಡೂ ಸೇರಿದ ಅಭ್ಯಾಸ ಬೇಕು. ನಮ್ಮವರು ಮೊದಲನೆಯದನ್ನು ಮಾಡಿ ಉಳಿದೆರಡನ್ನು ಬಿಟ್ಟುಬಿಡುತ್ತಾರೆ.

ನನಗೀಗ 78. ಈಗ ಶುರು ಮಾಡಿ ಏನು ಪ್ರಯೋಜನ?

ಪ್ರಯೋಜನ ಇದೆ. ಅದನ್ನು ಅಳೆದು ನೋಡಿಯೇ ಹೇಳಿದ್ದಾರೆ.

1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ವೃದ್ಧಾಶ್ರಮವೊಂದರಲ್ಲಿದ್ದ, ತೊಂಬತ್ತರ ಆಸುಪಾಸಿನ 10 ಮಂದಿಯನ್ನು ಆರಿಸಿಕೊಂಡರು. ಎಲ್ಲರೂ ತುಂಬ ಸೊರಗಿದ್ದವರು. ಅವರಿಂದ ಎಂಟು ವಾರ ಕಾಲಿನಲ್ಲಿ ಭಾರ ಎತ್ತಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ತೊಡೆಯ ಮಾಂಸಖಂಡದ ಗಾತ್ರವೂ ಹೆಚ್ಚಿತು. ತೊಂಬತ್ತರಲ್ಲಿ ಆಗಿದ್ದು 78ರಲ್ಲಿ ಯಾಕಾಗಬಾರದು?

2014ರಲ್ಲಿ ಅಮೆರಿಕದಲ್ಲೇ ಇನ್ನೂ ದೊಡ್ಡ ಅಧ್ಯಯನವೊಂದು ಮುಗಿಯಿತು. 70ರಿಂದ 89 ವಯಸ್ಸಿನ 1635 ಜನ ಅದರಲ್ಲಿದ್ದರು. ಒಂದು ಗುಂಪಿಗೆ ನಡಿಗೆ, ಬಲ, ಬ್ಯಾಲೆನ್ಸ್ ಮೂರನ್ನೂ ಮಾಡಿಸಿದರು. ಇನ್ನೊಂದು ಗುಂಪಿಗೆ ಆರೋಗ್ಯದ ಬಗ್ಗೆ ಪಾಠ, ಜೊತೆಗೆ ಸ್ವಲ್ಪ ಮೈ ಸಡಿಲಿಸುವ ಕಸರತ್ತು. ಎರಡೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ ನಡೆದ ಈ ಪರೀಕ್ಷೆಯಲ್ಲಿ 400 ಮೀಟರ್ ನಡೆಯಲಾರದ ಸ್ಥಿತಿಗೆ ಬಂದವರು ವ್ಯಾಯಾಮದ ಗುಂಪಿನಲ್ಲಿ ಕಡಿಮೆ. ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಇಂಥ ಫಲವನ್ನು. ಪಂಜಾಬಿನಲ್ಲಿ ಹುಟ್ಟಿದ ಫೌಜಾ ಸಿಂಗ್ 89ನೇ ವಯಸ್ಸಿನಲ್ಲಿ ಲಂಡನ್ ಮ್ಯಾರಥಾನ್ ಓಡಿದ್ದು ಹುಮ್ಮಸ್ಸು ಕೊಡುವ ಸುದ್ದಿ, ನಿಜ. ಆದರೆ ನೀವು ಮ್ಯಾರಥಾನ್ ಓಡಬೇಕಿಲ್ಲ. ತರಕಾರಿ ಅಂಗಡಿಗೆ ಹೋಗಿ ಚೀಲ ಹಿಡಿದು ವಾಪಸ್ ಬಂದರೆ ಸಾಕು.

ನನ್ನ ಕಾಲಲ್ಲಿ ಎಷ್ಟು ಬಲ ಇದೆ ಅಂತ ಮನೆಯಲ್ಲೇ ನೋಡೋದು ಹೇಗೆ?

ಕೈ ಇಲ್ಲದ, ಗಟ್ಟಿಯಾದ ಕುರ್ಚಿ ತೆಗೆದುಕೊಳ್ಳಿ. ಎತ್ತರ ಸುಮಾರು 17 ಇಂಚು ಇರಲಿ. ಜಾರದ ಹಾಗೆ ಗೋಡೆಗೆ ಒತ್ತಿ ಇಡಿ. ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಕ್ಕೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ಎಣಿಸಿ. ಮೊದಲ ಸಲ ಮನೆಯವರು ಪಕ್ಕದಲ್ಲೇ ನಿಂತಿರಲಿ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇಟ್ಟಿರುವ ಲೆಕ್ಕ ಹೀಗಿದೆ. 65ರಿಂದ 69ರ ಗಂಡಸರು 12 ಸಲಕ್ಕಿಂತ ಕಡಿಮೆ, ಹೆಂಗಸರು 11ಕ್ಕಿಂತ ಕಡಿಮೆ ಎದ್ದರೆ ಬೀಳುವ ಅಪಾಯ ಹೆಚ್ಚು. 75ರಿಂದ 79ರವರಿಗೆ ಅದು 11 ಮತ್ತು 10. 80ರಿಂದ 84ರವರಿಗೆ 10 ಮತ್ತು 9. ಕೈ ಊರಿ ಎದ್ದರೆ ಲೆಕ್ಕ ಸೊನ್ನೆ. ಇದು ಅಲ್ಲಿಯವರನ್ನು ನೋಡಿ ಮಾಡಿದ ಲೆಕ್ಕ, ಹಾಗಾಗಿ ಒಂದೆರಡು ಸಲ ಆಚೀಚೆ ಆದರೆ ಗಾಬರಿ ಬೇಡ. ಇವತ್ತಿನ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ತಿಂಗಳು ಬಿಟ್ಟು ಮತ್ತೆ ನೋಡಿ.

ಕುರ್ಚಿಯಿಂದ ಏಳೋದನ್ನೇ ವ್ಯಾಯಾಮವಾಗಿ ಮಾಡೋದು ಹೇಗೆ?

ಒಂದೇ ಒಂದು ವ್ಯಾಯಾಮ ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಕುರ್ಚಿಯ ಅಂಚಿಗೆ ಸರಿದು ಕೂರಿ. ಹೆಚ್ಚಿನವರು ಹಿಂದೆ ಒರಗಿದ್ದಲ್ಲಿಂದಲೇ ಏಳಲು ನೋಡುತ್ತಾರೆ, ಅದಕ್ಕೇ ಆಗುವುದಿಲ್ಲ. ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಹಿಮ್ಮಡಿ ಮಂಡಿಗಿಂತ ಒಂದಿಷ್ಟು ಹಿಂದೆ ಇರಬೇಕು. ಎರಡು ಪಾದದ ನಡುವೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಜಾಗ ಇರಲಿ. ಈಗ ಸೊಂಟದಿಂದ ಮುಂದಕ್ಕೆ ಬಾಗಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಬಾಗಬೇಕು. ಮೈಭಾರ ಪಾದಕ್ಕೆ ಬಿತ್ತು ಅನ್ನಿಸಿದ ಕೂಡಲೇ ಹಿಮ್ಮಡಿಯಿಂದ ನೆಲವನ್ನು ಒತ್ತಿ ಏಳಿ. ಏಳುವಾಗ ಉಸಿರು ಬಿಡಿ. ಉಸಿರು ಬಿಗಿ ಹಿಡಿದರೆ ಬಿಪಿ ಏರುತ್ತದೆ.

ನಿಜವಾದ ಕೆಲಸ ಇರುವುದು ಕೂರುವಾಗ. ಧೊಪ್ಪನೆ ಕೂರಬೇಡಿ. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ತೊಡೆ ಬಿಗಿಯುವುದು ಗೊತ್ತಾಗುತ್ತದೆ. ಹೀಗೆ 8ರಿಂದ 10 ಸಲ, ಸ್ವಲ್ಪ ವಿರಾಮ, ಮತ್ತೆ ಒಂದು ಸುತ್ತು. ದಿನ ಬಿಟ್ಟು ದಿನ ಮಾಡಿ.

ಏಳಲು ಆಗುತ್ತಿಲ್ಲವೆಂದರೆ ಕುರ್ಚಿಯ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಅಥವಾ ಕೈಯಿರುವ ಕುರ್ಚಿಯಲ್ಲಿ ಕೈ ಊರಿಯೇ ಶುರು ಮಾಡಿ. ವಾರ ಕಳೆದಂತೆ ಕೈಯ ಒತ್ತು ಕಡಿಮೆ ಮಾಡುತ್ತಾ ಬನ್ನಿ. ಸಲೀಸಾಯಿತು ಅಂದರೆ ಅದೇ ಲೆಕ್ಕದಲ್ಲಿ ನಿಲ್ಲಬೇಡಿ, ಎದೆಗೆ ಒಂದು ಲೀಟರ್ ನೀರಿನ ಬಾಟಲಿ ಒತ್ತಿ ಹಿಡಿದು ಮಾಡಿ. ಕೊನೆಯ ಎರಡು ಸಲ ಸ್ವಲ್ಪ ಕಷ್ಟ ಅನ್ನಿಸಿದರೆ ಮಾತ್ರ ಬಲ ಕೂಡುತ್ತದೆ.

ನಮ್ಮ ಗುಂಪಿಗೆ ಬಂದ ಒಬ್ಬ ಅಜ್ಜಿ ಕಮೋಡಿನಿಂದ ಏಳಲು ಸೊಸೆಯನ್ನು ಕರೆಯಬೇಕಾಗುತ್ತಿತ್ತು. ಆ ನಾಚಿಕೆಗೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು. ಇದನ್ನು ಬಿಟ್ಟರೆ ಬೇರೇನನ್ನೂ ಅವರಿಂದ ಮಾಡಿಸಲಿಲ್ಲ. ಮಳೆಗಾಲದಲ್ಲಿ ಶುರು ಮಾಡಿದವರು ದೀಪಾವಳಿ ಹೊತ್ತಿಗೆ "ಈಗ ಯಾರನ್ನೂ ಕೂಗಲ್ಲ ಕಣಮ್ಮಾ" ಅಂದರು.

ಮಂಡಿ ಸವೆದಿದೆ ಅಂತ ಡಾಕ್ಟರ್ ಹೇಳಿದ್ದಾರೆ. ನಡೆದರೆ ಇನ್ನೂ ಸವೆಯಲ್ವಾ?

ಸವೆತ ಅನ್ನುವ ಮಾತು ಕೇಳಿ ಎಷ್ಟೋ ಜನ ನಡೆಯುವುದನ್ನೇ ನಿಲ್ಲಿಸುತ್ತಾರೆ. ಆಮೇಲೆ ತೊಡೆ ಸೊರಗುತ್ತದೆ, ತೂಕ ಏರುತ್ತದೆ, ಮಂಡಿಯ ಮೇಲೆ ಇನ್ನಷ್ಟು ಭಾರ ಬೀಳುತ್ತದೆ, ನೋವು ಹೆಚ್ಚುತ್ತದೆ. ಮಂಡಿ ಕೀಲಿನ ಒಳಗಿರುವ ಮೆದು ಎಲುಬಿಗೆ ನೇರವಾಗಿ ರಕ್ತನಾಳ ಇಲ್ಲ. ಕೀಲು ಆಡಿದಾಗಲೇ ಸುತ್ತಲಿನ ದ್ರವದಿಂದ ಅದಕ್ಕೆ ಪೋಷಣೆ ಸಿಗುವುದು. ಆದ್ದರಿಂದ ಅಳತೆ ಮೀರದ ವ್ಯಾಯಾಮ ಮಂಡಿಗೆ ಮದ್ದು. ನೋವಿನ ಮಾತ್ರೆಗಿಂತ ಮೊದಲು ಬರಬೇಕಾದದ್ದು ಅದೇ.

ಎಷ್ಟು ಮಾಡಬೇಕು? ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ದಿನ ಬೆಳಗ್ಗೆ ಏಳುವ ಹೊತ್ತಿಗೆ ಮೊದಲಿನಷ್ಟಕ್ಕೇ ಬಂದಿರಬೇಕು. ಹೆಚ್ಚಿದ್ದರೆ ನಿನ್ನೆ ಜಾಸ್ತಿ ಆಯಿತು ಎಂದು ತಿಳಿದು ಕಡಿಮೆ ಮಾಡಿ, ಪೂರ್ತಿ ಬಿಡಬೇಡಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ, ಮಂಡಿಯ ಮೇಲಿನ ಮಾಂಸಖಂಡವನ್ನು ಬಿಗಿ ಮಾಡಿ ಐದು ಎಣಿಸುವವರೆಗೆ ಹಿಡಿದು ಇಳಿಸುವುದು ಶುರುವಿಗೆ ಒಳ್ಳೆಯದು. ತೂಕ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮಂಡಿ ಊದಿ ಬಿಸಿಯಾಗಿದ್ದರೆ, ನಡೆಯುವಾಗ ಸಿಕ್ಕಿಹಾಕಿಕೊಂಡಂತೆ ಆದರೆ ಮೊದಲು ಡಾಕ್ಟರಿಗೆ ತೋರಿಸಿ.

ನೆಲದ ಮೇಲೆ ಕೂರೋದು ಬಿಟ್ಟುಬಿಡಬೇಕಾ?

ಈಗಲೂ ಆರಾಮವಾಗಿ ಚಕ್ಕಲಮಟ್ಟೆ ಹಾಕಿ ಕೂತು ಏಳುತ್ತೀರಾ? ದಯವಿಟ್ಟು ಬಿಡಬೇಡಿ. ಡೈನಿಂಗ್ ಟೇಬಲ್ ಬಂದ ಮೇಲೆ ನಾವು ಕಳೆದುಕೊಂಡ ದೊಡ್ಡ ವ್ಯಾಯಾಮ ಅದು. ದಿನಕ್ಕೊಂದು ಸಲ ಪೂಜೆಗೋ ಸೊಪ್ಪು ಬಿಡಿಸಲೋ ನೆಲಕ್ಕೆ ಕೂತು ಏಳಿ. ಮಂಡಿ ನೋವು ಜೋರಿರುವವರು ಕುಕ್ಕರಗಾಲಿನಲ್ಲಿ ಬಹಳ ಹೊತ್ತು ಕೂರಬಾರದು. ಕೆಳಗೆ ಕೂತು ಏಳಲು ಆಗದವರು ತಗ್ಗಿನ ಮಣೆಯ ಮೇಲೆ ಕೂತು ನೋಡಿ. ಸೊಂಟದ ಕೀಲು ಬದಲಿಸಿಕೊಂಡವರು ಮಾತ್ರ ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರನ್ನು ಕೇಳದೆ ನೆಲಕ್ಕೆ ಕೂರಬೇಡಿ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಲೇಬೇಕಾ?

ಇಲ್ಲ. ಆ ಸಂಖ್ಯೆ ಬಂದದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸರಾಸರಿ 72 ವರ್ಷದ ಹೆಂಗಸರನ್ನು ಗಮನಿಸಿದರು. ದಿನಕ್ಕೆ ಸುಮಾರು 2700 ಹೆಜ್ಜೆ ಹಾಕುವವರಿಗಿಂತ 4400 ಹೆಜ್ಜೆ ಹಾಕುವವರಲ್ಲಿ ಸಾವಿನ ಪ್ರಮಾಣ ಸಾಕಷ್ಟು ಕಡಿಮೆ ಇತ್ತು. 7500 ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಮಗ ತಂದುಕೊಟ್ಟ ವಾಚು ಹತ್ತು ಸಾವಿರ ತೋರಿಸಲಿಲ್ಲ ಎಂದು ರಾತ್ರಿ ಊಟ ಬಿಟ್ಟು ನಡುಮನೆಯಲ್ಲಿ ಸುತ್ತು ಹಾಕಬೇಡಿ.

ಎಷ್ಟು ಜೋರಾಗಿ ನಡೆಯಬೇಕು?

ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ವೇಗ ಸಾಕು. ನಾಡಿ ಎಣಿಸುವುದಕ್ಕಿಂತ ಈ ಪರೀಕ್ಷೆಯೇ ಮೇಲು. ಯಾಕೆಂದರೆ ಹಿರಿಯರಲ್ಲಿ ಬಹಳ ಮಂದಿ ಬಿಪಿಗೆ, ಹೃದಯಕ್ಕೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ನಾಡಿ ಏರದಂತೆ ತಡೆಯುತ್ತವೆ. ಒಂದೇ ಸಲ ಅರ್ಧ ಗಂಟೆ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ ನಡೆಯಿರಿ.

ಬೀಳುವ ಭಯಕ್ಕೆ ಮನೆಯಿಂದ ಹೊರಗೇ ಹೋಗಲ್ಲ. ಏನು ಮಾಡೋದು?

ಭಯ ಸುಳ್ಳಲ್ಲ. ಸೊಂಟದ ಮೂಳೆ ಮುರಿದ ಮೇಲೆ ಎಷ್ಟೋ ಹಿರಿಯರು ಮೊದಲಿನ ಹಾಗೆ ಓಡಾಡುವುದೇ ಇಲ್ಲ. ಆದರೆ ಮನೆಯಲ್ಲೇ ಕೂತರೆ ಕಾಲು ಇನ್ನಷ್ಟು ಸೋತು ಬೀಳುವುದು ಇನ್ನೂ ಹತ್ತಿರವಾಗುತ್ತದೆ. ಅದೂ ಅಲ್ಲದೆ ಬೀಳುವ ಜಾಗ ಹೆಚ್ಚಾಗಿ ರಸ್ತೆಯಲ್ಲ, ನಮ್ಮ ಬಚ್ಚಲೇ.

ಬ್ಯಾಲೆನ್ಸ್ ಕೂಡ ಅಭ್ಯಾಸದಿಂದ ಬರುತ್ತದೆ. ಅಡುಗೆ ಕಟ್ಟೆಯ ಮುಂದೆ ನಿಂತುಕೊಳ್ಳಿ, ಕೈಗೆ ಕಟ್ಟೆ ಸಿಗುವ ಹಾಗೆ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು ನಿಲ್ಲಿ. ಆಮೇಲೆ ಒಂದು ಪಾದ ಅರ್ಧ ಮುಂದೆ. ಆಮೇಲೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಸಾಲಿನಲ್ಲಿ. ಕೊನೆಗೆ ಒಂಟಿ ಕಾಲಿನಲ್ಲಿ. ಹಿಮ್ಮಡಿಗೆ ಬೆರಳು ತಾಗಿಸಿ 10 ಸೆಕೆಂಡು ನಿಲ್ಲಲಾಗದಿದ್ದರೆ ಬೀಳುವ ಅಪಾಯ ಹೆಚ್ಚು ಎಂದೇ ತಿಳಿಯಿರಿ, ಅಲ್ಲಿಂದಲೇ ಅಭ್ಯಾಸ ಶುರು ಮಾಡಿ. ಹಾಲು ಉಕ್ಕುವುದನ್ನು ಕಾಯುತ್ತಾ ನಿಲ್ಲುತ್ತೇವಲ್ಲ, ಆ ಹೊತ್ತೇ ಸಾಕು. ಹಿಮ್ಮಡಿ ಎತ್ತಿ ಬೆರಳ ಮೇಲೆ ನಿಂತು ಇಳಿಯುವುದನ್ನೂ ಅಲ್ಲೇ ಮಾಡಬಹುದು, ಮೀನಖಂಡ ಗಟ್ಟಿಯಾಗುತ್ತದೆ.

ಮನೆಯನ್ನೂ ಒಮ್ಮೆ ಸುತ್ತು ಹಾಕಿ ನೋಡಿ. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಗೋಡೆಗೆ ಸ್ಕ್ರೂ ಹಾಕಿ ಸ್ಟೀಲ್ ಹಿಡಿ ಕೂರಿಸಿ. ಟವೆಲ್ ಹಾಕುವ ಕಂಬಿಯನ್ನು ಹಿಡಿದು ಏಳಬೇಡಿ, ಅದು ಕಿತ್ತು ಬರುತ್ತದೆ. ಒದ್ದೆ ನೆಲದ ಮೇಲೆ ಪ್ಲಾಸ್ಟಿಕ್ ಸ್ಟೂಲ್ ಜಾರುತ್ತದೆ, ಕಾಲಿಗೆ ರಬ್ಬರ್ ಇರುವ ಸ್ಟೂಲ್ ತನ್ನಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಅಂಚು ಮಡಚಿಕೊಂಡ ಕಾಲೊರೆಸು, ಮಂಚದಿಂದ ಬಚ್ಚಲಿನವರೆಗೆ ಕತ್ತಲು, ಕಾಲಿಗೆ ತೊಡರುವ ಪಂಚೆ, ನೆಲಕ್ಕೆ ಎಳೆಯುವ ಸೀರೆಯ ನೆರಿಗೆ, ಒಂದೊಂದನ್ನೂ ಸರಿ ಮಾಡಿ. ಕಣ್ಣಿನ ಪೊರೆ ಬಂದಿದ್ದರೆ ಆಪರೇಷನ್ ಮುಂದೂಡಬೇಡಿ. ನಿದ್ದೆ ಮಾತ್ರೆ, ಪ್ರಾಸ್ಟೇಟ್ ಮಾತ್ರೆ, ಕೆಲವು ನೆಗಡಿ ಮಾತ್ರೆಗಳಿಂದಲೂ ತಲೆ ತಿರುಗುತ್ತದೆ. ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.

ಊರುಗೋಲು ಹಿಡಿಯಲು ಸಂಕೋಚ ಯಾಕೆ? ನೆಟ್ಟಗೆ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕೆ ಬರಬೇಕು. ನೋವಿರುವ ಕಾಲಿನ ಕಡೆಗಲ್ಲ, ಅದರ ಎದುರು ಕೈಯಲ್ಲಿ ಹಿಡಿಯಬೇಕು.

ಶುಗರ್, ಬಿಪಿ ಎರಡೂ ಇದೆ. ವ್ಯಾಯಾಮ ಮಾಡಬಹುದಾ?

ಮಾಡಲೇಬೇಕು. ಎರಡಕ್ಕೂ ಒಳ್ಳೆಯದು. ಊಟ ಆದ ಮೇಲೆ 15 ನಿಮಿಷ ನಿಧಾನವಾಗಿ ನಡೆದರೆ ಊಟದ ನಂತರ ಶುಗರ್ ಏರುವುದು ಕಡಿಮೆಯಾಗುತ್ತದೆ. ರಾತ್ರಿ ಊಟದ ನಂತರವಂತೂ ತಪ್ಪಿಸಬೇಡಿ.

ಇನ್ಸುಲಿನ್ ತೆಗೆದುಕೊಳ್ಳುವವರು, ಶುಗರ್ ಬೇಗ ಇಳಿಸುವ ಮಾತ್ರೆ ನುಂಗುವವರು ಬರೀ ಹೊಟ್ಟೆಯಲ್ಲಿ ಉದ್ದದ ವಾಕಿಂಗ್ ಹೋಗಬಾರದು. ಹೊರಡುವ ಮುಂಚೆ ಶುಗರ್ 100ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿಂದು ಹೊರಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಬೆವರು, ನಡುಕ, ಕಣ್ಣು ಮಂಜಾಗುವುದು ಶುರುವಾದರೆ ನಿಂತು ತಿನ್ನಿ, ಮನೆಗೆ ಹೋಗಿ ತಿನ್ನೋಣ ಅಂದುಕೊಳ್ಳಬೇಡಿ.

ಪಾದ ಜೋಮು ಹಿಡಿದವರು ಬರಿಗಾಲಲ್ಲಿ ನಡೆಯಬೇಡಿ, ಪಾರ್ಕಿನ ಹುಲ್ಲಿನ ಮೇಲೂ ಬೇಡ. ಮಧ್ಯಾಹ್ನದ ಬಿಸಿಲಲ್ಲಿ ದೇವಸ್ಥಾನದ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿ ಪಾದ ಸುಟ್ಟುಕೊಂಡರೂ ಅವರಿಗೆ ಗೊತ್ತಾಗುವುದಿಲ್ಲ. ದಿನಾ ರಾತ್ರಿ ಪಾದ ನೋಡಿಕೊಳ್ಳಿ, ಕಣ್ಣು ಕಾಣದಿದ್ದರೆ ಮೊಮ್ಮಕ್ಕಳಿಗೆ ತೋರಿಸಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಮಲಗಿದ್ದವರು ಹಾಗೇ ಥಟ್ಟನೆ ಎದ್ದು ಹೊರಡಬಾರದು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಪಾದ ಮೇಲೆ ಕೆಳಗೆ ಆಡಿಸಿ, ಆಮೇಲೆ ಏಳಿ.

ಯೋಗ, ಪ್ರಾಣಾಯಾಮ ಮಾಡ್ತೀನಲ್ಲ, ಸಾಲದಾ?

ಪ್ರಾಣಾಯಾಮದಿಂದ ಮನಸ್ಸಿಗೆ ನೆಮ್ಮದಿ, ಉಸಿರಾಟಕ್ಕೆ ಹಿತ. ಆದರೆ ಕೂತಲ್ಲೇ ಮಾಡುವ ಅಭ್ಯಾಸದಿಂದ ತೊಡೆಗೆ ಬಲ ಬರುವುದಿಲ್ಲ. ನಿಂತು ಮಾಡುವ ಆಸನಗಳನ್ನು ಸೇರಿಸಿಕೊಳ್ಳಿ: ವೀರಭದ್ರಾಸನ, ವೃಕ್ಷಾಸನ, ಗೋಡೆ ಪಕ್ಕದಲ್ಲಿ ತ್ರಿಕೋನಾಸನ.

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯದಿಂದ ಬಳಲಿದವರು. ಮೈಸೂರಿನಲ್ಲಿ ಯೋಗ ಕಲಿತು, ತೊಂಬತ್ತು ದಾಟಿದ ಮೇಲೂ ಅಭ್ಯಾಸ ಬಿಡಲಿಲ್ಲ. ಕುರ್ಚಿ, ಹಗ್ಗ, ಮರದ ತುಂಡು, ಮಡಚಿದ ಕಂಬಳಿ ಬಳಸಿ ಮೈ ಬಾಗದವರಿಗೂ ಆಸನ ಮಾಡಿಸುವ ದಾರಿ ತೋರಿಸಿಕೊಟ್ಟರು. ವಯಸ್ಸಾದವರಿಗೆ ಆ ದಾರಿಯೇ ಸರಿ. ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೋಪೊರೋಸಿಸ್) ಇರುವವರು ಬೆನ್ನು ಬಗ್ಗಿಸಿ ಕಾಲ್ಬೆರಳು ಮುಟ್ಟುವ ಆಸನ ಮಾಡಬಾರದು, ಬೆನ್ನುಮೂಳೆ ಕುಸಿಯಬಹುದು. ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಇದ್ದವರು ತಲೆ ಕೆಳಗಾಗುವ ಆಸನದಿಂದ ದೂರ ಇರಿ.

ಜಿಮ್‌ಗೆ ಹೋಗಬೇಕಾ?

ಹೋಗಬಹುದು, ಹೋಗಲೇಬೇಕು ಅಂತಿಲ್ಲ. ಹಿರಿಯರ ಜೊತೆ ಕೆಲಸ ಮಾಡಿ ಗೊತ್ತಿರುವ ಫಿಸಿಯೋಥೆರಪಿಸ್ಟ್ ಒಂದೆರಡು ಸಲ ತೋರಿಸಿಕೊಟ್ಟರೆ ಮನೆಯಲ್ಲೇ ನಡೆಯುತ್ತದೆ.

ಏನು ತಿನ್ನಬೇಕು?

ವ್ಯಾಯಾಮ ಮಾಡಿ ಪ್ರೋಟೀನ್ ತಿನ್ನದಿದ್ದರೆ ಮಾಂಸಖಂಡ ಕೂಡುವುದಿಲ್ಲ. ನಮ್ಮ ಹಿರಿಯರ ಊಟದಲ್ಲಿ ದೊಡ್ಡ ಕೊರತೆ ಇದೇ. ಬೆಳಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅನ್ನ ತಿಳಿಸಾರು, ಸಂಜೆ ಕಾಫಿ ರಸ್ಕು, ರಾತ್ರಿ "ಹಸಿವಿಲ್ಲ" ಎಂದು ಒಂದಿಷ್ಟು ಮಜ್ಜಿಗೆ ಅನ್ನ. ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ.

ವಯಸ್ಸಾದವರಿಗೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಎಂದು ತಜ್ಞರು ಹೇಳುತ್ತಾರೆ. 60 ಕಿಲೋ ಇರುವವರಿಗೆ ದಿನಕ್ಕೆ 60ರಿಂದ 72 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲಿ ಹಾಲಿನಲ್ಲಿ 6ರಿಂದ 7, ಒಂದು ಹಿಡಿ ಅಂದರೆ 30 ಗ್ರಾಂ ಕಡಲೆಬೀಜದಲ್ಲಿ 7, 30 ಗ್ರಾಂ ತೊಗರಿಬೇಳೆ ಅಥವಾ ಹುರಳಿಕಾಳಿನಲ್ಲಿ 6ರಿಂದ 7, 100 ಗ್ರಾಂ ಮೀನಿನಲ್ಲಿ ಸುಮಾರು 20. ತಿಳಿಸಾರಿನ ಬದಲು ಗಟ್ಟಿ ಬೇಳೆ, ರಸ್ಕಿನ ಬದಲು ಹೆಸರುಕಾಳು ಉಸಲಿ, ರಾತ್ರಿ ಒಂದು ಲೋಟ ಹಾಲು. ಹುರಳಿಕಾಳಿನ ಬಸ್ಸಾರು ಮಾಡಿದಾಗ ಕಟ್ಟಿನ ಸಾರನ್ನಷ್ಟೇ ಬಡಿಸಿಕೊಳ್ಳದೆ ಕಾಳಿನ ಪಲ್ಯವನ್ನೂ ಹಾಕಿಸಿಕೊಳ್ಳಿ. ಹಲ್ಲಿಲ್ಲದವರಿಗೆ ಕಾಳನ್ನು ಚೆನ್ನಾಗಿ ಬೇಯಿಸಿ ಮಸೆದು ಕೊಡಿ. ಮುದ್ದೆ ತಿನ್ನುವವರಿಗೆ ಸುಣ್ಣದಂಶದ ಚಿಂತೆ ಕಡಿಮೆ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ವಿಟಮಿನ್ ಡಿ, ಬಿ12 ಎರಡನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಅದರಿಂದಲೂ ಕಾಲು ಜೋಮು ಹಿಡಿದು ನಡಿಗೆ ತಪ್ಪುತ್ತದೆ.

ಅಮ್ಮ ಹಳ್ಳಿಯಲ್ಲಿ ಗಟ್ಟಿಮುಟ್ಟಾಗಿದ್ದರು. ಬೆಂಗಳೂರಿಗೆ ಕರೆದುಕೊಂಡು ಬಂದ ಮೇಲೆ ಸೊರಗಿದ್ದಾರೆ. ಯಾಕೆ?

ಈ ಪ್ರಶ್ನೆ ಕೇಳುವ ಮಕ್ಕಳ ಕಣ್ಣಲ್ಲಿ ನೀರು ನೋಡಿದ್ದೇನೆ. ಅವರು ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕೆಂದೇ ಕರೆತಂದವರು.

ಊರಲ್ಲಿ ಅವರಿಗೆ ವ್ಯಾಯಾಮ ಎಂಬ ಬೇರೆ ಕೆಲಸ ಇರಲಿಲ್ಲ. ಕೊಟ್ಟಿಗೆ ಗುಡಿಸುವುದು, ನೀರು ಹೊರುವುದು, ಅಂಗಳ ಸಾರಿಸುವುದು, ಕಳೆ ಕೀಳುವುದು, ಹತ್ತು ಮನೆ ಆಚೆ ಇರುವ ವಾರಗಿತ್ತಿಯ ಹತ್ತಿರ ಹೋಗಿ ಕೂತು ಬರುವುದು. ಬೆಂಗಳೂರಿನ ಏಳನೇ ಮಹಡಿಯಲ್ಲಿ ಲಿಫ್ಟ್, ವಾಷಿಂಗ್ ಮೆಷಿನ್, ಕೆಲಸದವರು. "ನೀನು ಸುಮ್ನೆ ಕೂತಿರಮ್ಮ, ಸಾಕು ದುಡಿದಿದ್ದು" ಎಂದು ಪ್ರೀತಿಯಿಂದಲೇ ಹೇಳುತ್ತೇವೆ. ಅಲ್ಲಿಂದ ಕಾಲು ಸೋಲಲು ಶುರು.

ಅವರಿಗೆ ಕೆಲಸ ಕೊಡಿ, ನಿಜವಾದ ಕೆಲಸ. ಬಾಲ್ಕನಿಯಲ್ಲಿ ಕರಿಬೇವು, ಬಸಳೆ, ದೊಡ್ಡಪತ್ರೆ ಕುಂಡಗಳಿರಲಿ, ನೀರು ಅವರೇ ಹೊತ್ತು ಹಾಕಲಿ. ಸೊಪ್ಪು ತರಲು ಅವರೇ ಕೆಳಗೆ ಹೋಗಿ ಬರಲಿ. ಮೊಮ್ಮಗುವನ್ನು ಸ್ಕೂಲ್ ಬಸ್ಸಿಗೆ ಬಿಡುವುದು ಅವರ ಪಾಲಿಗೆ ಇರಲಿ. ಕನ್ನಡ ಮಾತಾಡುವ ಇನ್ನೊಬ್ಬ ಅಜ್ಜಿ ಯಾವ ಬ್ಲಾಕಿನಲ್ಲಿದ್ದಾರೆ ಎಂದು ಹುಡುಕಿ ಪರಿಚಯ ಮಾಡಿಸಿ. ಮಾತಿಗೆ ಜನ ಸಿಕ್ಕರೆ ಕಾಲು ತಾನೇ ಆಚೆ ಹೊರಡುತ್ತದೆ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರದೂ ಇದೇ ಪಾಡು. ಹಿಮದ ತಿಂಗಳಲ್ಲಿ ಹೊರಗೆ ಕಾಲಿಟ್ಟರೆ ಜಾರುತ್ತದೆ, ಕಾರಿಲ್ಲದೆ ಎಲ್ಲಿಗೂ ಹೋಗಲಾಗದು. ಅಲ್ಲಿ ಬೆಳಗಿನ ಹೊತ್ತು ಮಾಲ್ ಒಳಗೆ ನಡೆಯುವ ಹಿರಿಯರು ಬಹಳ ಮಂದಿ ಇದ್ದಾರೆ. ಆಫೀಸಿಗೆ ಹೋಗುವ ದಾರಿಯಲ್ಲಿ ಅವರನ್ನು ಅಲ್ಲಿ ಬಿಡಬಹುದು. ಮನೆಯೊಳಗಿನ ಮೆಟ್ಟಿಲಂತೂ ಇದ್ದೇ ಇರುತ್ತದೆ.

ಅಪ್ಪ ಟೀವಿ ಮುಂದಿಂದ ಏಳಲ್ಲ. ಹೇಳಿದರೆ ಸಿಟ್ಟು ಬರುತ್ತೆ.

ಹೇಳುವುದನ್ನು ಬಿಡಿ, ಜೊತೆಗೆ ಹೊರಡಿ. "ವಾಕಿಂಗ್ ಹೋಗಿ" ಎನ್ನುವುದಕ್ಕಿಂತ "ಅಪ್ಪಾ, ಒಂದು ಸುತ್ತು ಹೋಗಿ ಕಾಫಿ ಕುಡ್ಕೊಂಡು ಬರೋಣ ಬನ್ನಿ" ಎನ್ನುವುದು ಕೆಲಸ ಮಾಡುತ್ತದೆ. ಸುದ್ದಿಯ ಮಧ್ಯೆ ಜಾಹೀರಾತು ಬಂದಾಗಲೆಲ್ಲ ಐದು ಸಲ ಎದ್ದು ಕೂರುವ ಪಂದ್ಯ ಮೊಮ್ಮಗನ ಜೊತೆ ಕಟ್ಟಲಿ. ಒಂದು ಮಾತು: ನಿವೃತ್ತಿಯ ನಂತರ, ಹೆಂಡತಿ ತೀರಿಕೊಂಡ ನಂತರ ಹೀಗೆ ಕೂತುಬಿಟ್ಟವರಿಗೆ ಮನಸ್ಸಿನ ಕಾಯಿಲೆ ಇರಬಹುದು. ಸೋಮಾರಿತನ ಎಂದು ಬೈಯದೆ ಡಾಕ್ಟರಿಗೆ ತೋರಿಸಿ.

ಜ್ವರ ಬಂದು ಮಲಗಿದ್ದೆ. ಆಮೇಲೆ ಕಾಲಲ್ಲಿ ಶಕ್ತಿಯೇ ಇಲ್ಲ. ಎಷ್ಟು ದಿನ ವಿಶ್ರಾಂತಿ ಬೇಕು?

ವಿಶ್ರಾಂತಿಯೇ ಬಲ ತೆಗೆದಿದೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ ಕಾಲುಗಳ ಮಾಂಸಖಂಡ ಹೆಚ್ಚುಕಡಿಮೆ ಒಂದು ಕಿಲೋ ಕರಗಿತ್ತು. ಕಾಯಿಲೆಯವರ ಪಾಡು ಇನ್ನೂ ಕಷ್ಟ. ಆಸ್ಪತ್ರೆಯಲ್ಲಿದ್ದಾಗಲೇ "ನಾನು ಕೂರಬಹುದಾ, ನಿಲ್ಲಬಹುದಾ" ಎಂದು ಕೇಳಿ. ಜ್ವರ ಬಿಟ್ಟ ದಿನ ಊಟ ಮಂಚದ ಮೇಲೆ ಬೇಡ, ಕುರ್ಚಿಯಲ್ಲಿ ಕೂತು ಮಾಡಿ. ಮಲಗಿದಲ್ಲೇ ಮಂಡಿ ಮಡಚಿ ಸೊಂಟ ಎತ್ತಿ ಇಳಿಸಬಹುದು. ಮೊದಲಿನ ಮಟ್ಟಕ್ಕೆ ಬರಲು ವಾರಗಳೇ ಬೇಕು, ಧೈರ್ಯ ಕೆಡಬೇಡಿ.

ಯಾವಾಗ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಬೇಕು?

ಎದೆ ಬಿಗಿಯುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಕೂತರೂ ಇಳಿಯದ ಏದುಸಿರು, ಕಣ್ಣು ಕತ್ತಲೆ ಬರುವುದು, ಎದೆಬಡಿತ ಅಡ್ಡಾದಿಡ್ಡಿಯಾಗುವುದು, ಇವು ಕಂಡರೆ ತಕ್ಷಣ ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಕಾಯಬೇಡಿ. ಹೃದಯದ ತೊಂದರೆ, ಸ್ಟೆಂಟ್, ಇತ್ತೀಚೆಗೆ ಆಪರೇಷನ್ ಆಗಿರುವವರು ಹೊಸ ವ್ಯಾಯಾಮ ಶುರು ಮಾಡುವ ಮುಂಚೆಯೇ ಕೇಳಿಕೊಳ್ಳಿ.

ಬಿದ್ದುಬಿಟ್ಟರೆ ಏಳೋದು ಹೇಗೆ?

ಇದನ್ನು ಬೀಳುವ ಮುಂಚೆಯೇ ಕಲಿಯಬೇಕು. ಚಾಪೆ ಹಾಸಿ, ಪಕ್ಕದಲ್ಲಿ ಗಟ್ಟಿ ಕುರ್ಚಿ ಇಟ್ಟು, ಮನೆಯವರನ್ನು ನಿಲ್ಲಿಸಿಕೊಂಡು ಅಭ್ಯಾಸ ಮಾಡಿ.

ಬಿದ್ದ ಕೂಡಲೇ ಏಳಲು ಹೋಗಬೇಡಿ. ಒಂದು ನಿಮಿಷ ಹಾಗೇ ಮಲಗಿ ಕೈಕಾಲು ಆಡಿಸಿ ನೋಡಿ. ಸೊಂಟದಲ್ಲೋ ತೊಡೆಯಲ್ಲೋ ಜೋರು ನೋವಿದ್ದರೆ, ಕಾಲು ಗಿಡ್ಡವಾದಂತೆ ಹೊರಕ್ಕೆ ತಿರುಗಿದ್ದರೆ ಅಲ್ಲಾಡಬೇಡಿ, ಸಹಾಯಕ್ಕೆ ಕೂಗಿ. ಬಂದವರೂ ತೋಳು ಹಿಡಿದು ಎಳೆದು ನಿಲ್ಲಿಸಬಾರದು.

ಪೆಟ್ಟಿಲ್ಲ ಅನ್ನಿಸಿದರೆ ಪಕ್ಕಕ್ಕೆ ಹೊರಳಿ. ಮೊಣಕೈ ಊರಿ ಮೇಲಕ್ಕೆ ಬಂದು, ಅಂಬೆಗಾಲಿನಲ್ಲಿ ಮಂಚದ ಅಥವಾ ಕುರ್ಚಿಯ ಹತ್ತಿರ ಹೋಗಿ. ಎರಡೂ ಕೈ ಕುರ್ಚಿಯ ಮೇಲಿಟ್ಟು, ಹೆಚ್ಚು ಬಲವಿರುವ ಕಾಲಿನ ಪಾದವನ್ನು ಮುಂದಕ್ಕೆ ಊರಿ. ಕೈ, ಕಾಲು ಎರಡನ್ನೂ ಒತ್ತಿ ಎದ್ದು, ತಿರುಗಿ ಕೂರಿ. ಕೂತ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಡಿ.

ಒಬ್ಬರೇ ಇರುವವರು ಮೊಬೈಲನ್ನು ಮೇಜಿನ ಮೇಲೆ ಬಿಡದೆ ಮೈಮೇಲೇ ಇಟ್ಟುಕೊಳ್ಳಿ. ಬಚ್ಚಲಿಗೂ ತೆಗೆದುಕೊಂಡು ಹೋಗಿ, ಒಳಗಿನಿಂದ ಚಿಲಕ ಹಾಕಬೇಡಿ. ತಲೆಗೆ ಪೆಟ್ಟು ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಏನೂ ಆಗಿಲ್ಲ ಅನ್ನಿಸಿದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಬಿದ್ದ ವಿಷಯವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಎಲ್ಲಿ ಬಿದ್ದಿರಿ, ಏಳುವಾಗಲೋ ತಿರುಗುವಾಗಲೋ, ಯಾವ ಮಾತ್ರೆ ತೆಗೆದುಕೊಂಡ ಮೇಲೆ ಎಂಬುದನ್ನು ಡಾಕ್ಟರಿಗೆ ಹಾಗೇ ಹೇಳಿ.